ಕೇಳು ಎಂಬ ಮಾತು

ಶ್ರೋತೃಗಳೇ ಎಂದು ಕರೆದು ಮಾತನ್ನು ಆರಂಭಿಸುವುದು ಆಕಾಶವಾಣಿಯ ರೂಢಿ. ಶ್ರೋತೃ ಎಂದರೆ ಕೇಳುವವನು. ಇಂದು ನಾನು ಮಾತನಾಡಹೊರಟಿರುವುದು ಕಿವಿ ಕೇಳದ ಮಕ್ಕಳನ್ನು ಕುರಿತು. ಯಾರ ಸಂಗತಿಯನ್ನು ಹೇಳಬೇಕೆಂದಿರುವೆನೋ ಅವರಿಗೇ ಈ ಮಾತು ತಲುಪುವುದಿಲ್ಲ. ಇದು ಅಚ್ಚಾಗಿ ಪತ್ರಿಕೆಯ ಪುಟವನ್ನು ಸೇರಿದಾಗ ತಲುಪೀತು. ಅದೂ ಅವರಿಗೆ ಓದು ದಕ್ಕಿದ್ದರೆ. ಈ 'ಓದು ದಕ್ಕಿದ್ದರೆ' ಎಂಬ ಮಾತಿನಲ್ಲಿಯೇ ಇಂದಿನ ವಿಷಯದ ತಿರುಳೆಲ್ಲ ಅಡಗಿದೆ.

ಕನ್ನಡದ 'ಕೇಳು' ಎಂಬ ಕ್ರಿಯಾಪದಕ್ಕೆ ಮೂರು ಮುಖಗಳಿವೆ. ಮಗು ಪಾಠ ಕೇಳುತ್ತದೆ. ತಿಳಿಯದಿದ್ದರೆ ಮೇಷ್ಟರನ್ನು ಕೇಳುತ್ತದೆ. ಮನೆಯಲ್ಲಿ ಹಿರಿಯರ ಮಾತು ಕೇಳುತ್ತದೆ. ಆಲಿಸುವುದು, ಪ್ರಶ್ನಿಸುವುದು, ನಡೆದುಕೊಳ್ಳುವುದು ಈ ಮೂರಕ್ಕೂ ನಮ್ಮವರು ಒಂದೇ ಮಾತನ್ನು ಬಳಸಿದರು. ಆದುದರಿಂದಲೋ ಏನೋ, ಮೊದಲನೆಯದು ತಪ್ಪಿದ ಮಗುವಿಗೆ ಉಳಿದೆರಡೂ ತಪ್ಪಿದುವೆಂದೇ ಬಹುಕಾಲ ನಂಬಿಕೊಂಡೆವು. ಕಿವುಡ ಮಗುವಿಗೆ ಪಾಠ ಕೇಳಿಸುವುದಿಲ್ಲ ಎಂಬುದು ನಿಜ. ಅದಕ್ಕೆ ಕೇಳಬೇಕಾದ ಪ್ರಶ್ನೆಗಳೇ ಇಲ್ಲವೆಂಬುದು ನಮ್ಮ ಕಲ್ಪನೆ.

ಈ ವಿಚಾರಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಒಂದು ಒಳ್ಳೆಯ ನೆಲೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸರು ಇವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಸಂದೇಶದಲ್ಲಿ ತಾಯಿತಂದೆಗಳ ಶುಶ್ರೂಷೆ ಮಾಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶವಿದೆ. ಶುಶ್ರೂಷೆ ಎಂದರೆ ನಾವು ಸೇವೆ ಎಂದು ತಿಳಿಯುತ್ತೇವೆ. ವ್ಯುತ್ಪತ್ತಿಯನ್ನು ನೋಡಿದರೆ ಅದು 'ಶ್ರು' ಧಾತುವಿನಿಂದ ಹುಟ್ಟಿದ್ದು. ಕೇಳಬೇಕೆಂಬ ಬಯಕೆ ಎಂದು ಅದರ ಮೂಲಾರ್ಥ. ಸೇವೆಯೂ ವಿನಯವೂ ಕಿವಿಯಿಂದಲೇ ಹುಟ್ಟಬೇಕೆಂಬುದು ಅಂದಿನ ಭಾವನೆ. ಆದರೆ ವಿಚಿತ್ರ ನೋಡಿ: ಈ ಕಿವಿಮಾತನ್ನು ಚಪಡನೆಂಬ ಲಿಪಿಕಾರನು ಬಂಡೆಯ ಮೇಲೆ ಅಕ್ಷರವಾಗಿ ಇಳಿಸಿದ. ಕಿವಿಗೆ ಸಲ್ಲಬೇಕಾದುದನ್ನು ಕಣ್ಣಿಗೆ ಸಲ್ಲಿಸಿದ. ಬರವಣಿಗೆಯೂ ಒಂದು ತಂತ್ರಜ್ಞಾನವೇ ಎಂಬುದನ್ನು ಮರೆಯದಿದ್ದರೆ, ಮಾತನ್ನು ಕಿವಿಯಿಂದ ಕಣ್ಣಿಗೆ ದಾಟಿಸುವ ಕೆಲಸ ಈ ಸೀಮೆಯಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ನಡೆದಿತ್ತೆನ್ನಬಹುದು.

ಆದರೂ ವಿದ್ಯೆ ಕಿವಿಯ ಸೊತ್ತಾಗಿಯೇ ಉಳಿಯಿತು. ವೇದಕ್ಕೆ ಶ್ರುತಿಯೆಂದೂ ವಿದ್ವಾಂಸನಿಗೆ ಬಹುಶ್ರುತನೆಂದೂ ಹೆಸರಾಯಿತು. ಕಾಡುಗೊಲ್ಲರ ಹಟ್ಟಿಗಳಲ್ಲಿಯೂ ಮ್ಯಾಸಬೇಡರ ಹಟ್ಟಿಗಳಲ್ಲಿಯೂ ಕಾವ್ಯ ಹಾಡಿನಿಂದ ಕಿವಿಗೆ, ಕಿವಿಯಿಂದ ನಾಲಗೆಗೆ ಇಳಿದುಬಂತು. ಆ ಹಾಡಿನ ರಾತ್ರಿಗಳಲ್ಲಿ ಕಿವುಡ ಮಗುವೊಂದು ಗುಂಪಿನ ನಡುವೆಯೇ ಇದ್ದು ಗುಂಪಿನ ಹೊರಗಿರುತ್ತಿತ್ತು. ಧರ್ಮಶಾಸ್ತ್ರವಂತೂ ಹುಟ್ಟುಕಿವುಡನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನವಸ್ತ್ರಕ್ಕಷ್ಟೇ ಅವನು ಅರ್ಹ ಎಂದಿತು. ಬ್ರಿಟಿಷ್ ಇಂಡಿಯಾದಲ್ಲಿ ಈ ನಿಷೇಧವನ್ನು ತೆಗೆದುಹಾಕಲು 1928ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಆಸ್ತಿಯ ಪಾಲಿಗೆ ಅಂದು ದಾರಿಯಾಯಿತು; ವಿದ್ಯೆಯ ಪಾಲಿಗೆ ಇನ್ನೂ ಬಹಳ ಕಾಯಬೇಕಾಗಿತ್ತು.

ಈ ಸೀಮೆಯ ಯಾವುದಾದರೊಂದು ಹಳ್ಳಿಯ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶ. ಸುತ್ತ ಶೇಂಗಾದ ಹೊಲಗಳು, ಬಿಡುವಿಲ್ಲದ ಗಾಳಿ. ಕೋಣೆಯಲ್ಲಿ ನಲವತ್ತು ಮಕ್ಕಳು. ಮೂರನೆಯ ಸಾಲಿನಲ್ಲಿ ಕಿವಿ ಕೇಳದ ಒಬ್ಬಳು ಹುಡುಗಿ. ಮೇಷ್ಟರು ಮಾತನಾಡುತ್ತ ಕರಿಹಲಗೆಯತ್ತ ತಿರುಗಿದರೆಂದರೆ ಅವಳ ಪಾಲಿಗೆ ಪಾಠ ನಿಂತಿತು. ಅವರು ಇತ್ತ ತಿರುಗಿದರೂ ಅವಳ ಕಷ್ಟ ತೀರುವುದಿಲ್ಲ. ತುಟಿಯ ಚಲನೆಯಿಂದ ಮಾತನ್ನು ಅರಿಯಬಹುದೆಂದು ನಾವು ಸುಲಭವಾಗಿ ಹೇಳುತ್ತೇವೆ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಮರ, ಬರ, ಪರ ಎಂದು ನೋಡಿ. ಮೂರಕ್ಕೂ ತುಟಿ ಒಂದೇ ಬಗೆಯಾಗಿ ಮುಚ್ಚಿ ತೆರೆಯುತ್ತದೆ. ಕಕಾರ ಗಕಾರಗಳು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಬರ ಬಂದಿತೆಂದರೋ ಮರ ಬಿದ್ದಿತೆಂದರೋ ಊಹಿಸುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಹುಡುಗಿ ಪಕ್ಕದವಳ ಹಲಗೆಯನ್ನು ನೋಡಿ ಬರೆದುಕೊಳ್ಳುತ್ತಾಳೆ. ಅಕ್ಷರ ದುಂಡಾಗಿರುತ್ತದೆ, ಅರ್ಥ ಮಾತ್ರ ಒಳಗಿಳಿದಿರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರುತು ಬೀಳುತ್ತದೆ. ವರ್ಷದಿಂದ ವರ್ಷಕ್ಕೆ ಅವಳು ಮುಂದಿನ ತರಗತಿಗೂ ಹೋಗುತ್ತಾಳೆ. ತರಗತಿಯಲ್ಲಿ ಕುಳಿತಿರುವುದಕ್ಕೂ ತರಗತಿಗೆ ಸೇರಿದವಳಾಗುವುದಕ್ಕೂ ಇರುವ ಅಂತರ ಇದೇ.

ಇಂಥ ಮಕ್ಕಳಿಗೆ ಕಲಿಸುವ ಪ್ರಯತ್ನದ ಇತಿಹಾಸದಲ್ಲಿ ಎರಡು ಪಂಥಗಳಿವೆ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ಲೆಪೇ ಎಂಬ ಪಾದ್ರಿ, ಕಿವುಡರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಕೈಸನ್ನೆಗಳನ್ನು ಕಲಿತು ಅವುಗಳ ಮೂಲಕವೇ ಪಾಠ ಹೇಳಿದ. ಕಲಿಯುವವನ ಭಾಷೆಯನ್ನು ಕಲಿಸುವವನು ಮೊದಲು ಕಲಿಯಬೇಕೆಂಬುದು ಅವನ ಮಾರ್ಗ. ಇದಕ್ಕೆ ಎದುರಾದವರು, ಕಿವುಡ ಮಗು ಸನ್ನೆಯನ್ನು ಬಿಟ್ಟು ಬಾಯಿಂದ ಮಾತನಾಡುವುದನ್ನೇ ಕಲಿಯಬೇಕೆಂದರು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಅಂತಾರಾಷ್ಟ್ರೀಯ ಸಮ್ಮೇಳನ ಎರಡನೆಯ ಪಕ್ಷವನ್ನು ಎತ್ತಿಹಿಡಿಯಿತು. ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಆ ಬಳಿಕ ಅನೇಕ ದೇಶಗಳ ಶಾಲೆಗಳಲ್ಲಿ ಸನ್ನೆ ಮಾಡುವುದೇ ತಪ್ಪಾಯಿತು. ಆ ನಿರ್ಣಯದಿಂದಾದ ಹಾನಿಗೆ ಅದೇ ಪರಂಪರೆಯ ಸಮ್ಮೇಳನ ವ್ಯಾಂಕೂವರಿನಲ್ಲಿ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ. ನೂರಮೂವತ್ತು ವರ್ಷಗಳ ತರುವಾಯ.

ನಮ್ಮ ದೇಶದಲ್ಲಿ ಕಿವುಡರ ಶಾಲೆ ಮೊದಲಾದದ್ದು 1880ರ ದಶಕದ ಮುಂಬಯಿಯಲ್ಲಿ, 1893ರಲ್ಲಿ ಕಲ್ಕತ್ತೆಯಲ್ಲಿ. ನಮ್ಮ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಕಿವುಡರಿಗೂ ಕುರುಡರಿಗೂ ಒಂದು ಶಾಲೆಯನ್ನು ತೆರೆದರು. ಅಂಥ ಮಕ್ಕಳಿಗೆ ವಿದ್ಯೆ ಹತ್ತುತ್ತದೆ ಎಂಬುದನ್ನೇ ಜನ ನಂಬದಿದ್ದ ಕಾಲದಲ್ಲಿ ಅದು ದೊಡ್ಡ ಸಾಹಸ. ಆದರೆ ಚಳ್ಳಕೆರೆಯಿಂದ ಮೈಸೂರು ಇನ್ನೂರೈವತ್ತು ಕಿಲೋಮೀಟರಿಗೂ ದೂರ. ಆರು ವರ್ಷದ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು, ಅಷ್ಟು ದೂರ ಕಳಿಸಲು ಯಾವ ತಾಯಿಗೆ ಮನಸ್ಸಾದೀತು? ಕಳಿಸಿದರೆ ಮಗುವಿಗೆ ತನ್ನಂಥವರ ಸಂಗ ದೊರೆಯುತ್ತಿತ್ತು. ವಸತಿಶಾಲೆಗಳ ಅಂಗಳಗಳಲ್ಲಿಯೇ ಕೈಸನ್ನೆಯ ಭಾಷೆ ಬದುಕಿ ಬೆಳೆದದ್ದು. ಆದರೆ ರಜೆಗೆ ಮನೆಗೆ ಬಂದಾಗ ಆ ಭಾಷೆ ಮನೆಯಲ್ಲಿ ಯಾರಿಗೂ ತಿಳಿಯದು. ಕಳಿಸದಿದ್ದರೆ ಊರು ಉಳಿಯುತ್ತಿತ್ತು, ವಿದ್ಯೆ ಹೋಗುತ್ತಿತ್ತು. ಊರೋ ವಿದ್ಯೆಯೋ ಎಂಬ ಈ ಇಕ್ಕಟ್ಟನ್ನು ಬಿಡಿಸಲು ಇಪ್ಪತ್ತನೆಯ ಶತಮಾನ ಯಂತ್ರಗಳತ್ತ ನೋಡಿತು.

ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ತಾಯಿಯೂ ಹೆಂಡತಿಯೂ ಕಿವುಡರಾಗಿದ್ದರು. ಅವನು ಕಿವುಡರ ಶಿಕ್ಷಕ. ಸನ್ನೆಗಿಂತ ಬಾಯಿಮಾತೇ ಮೇಲೆಂಬ ಪಕ್ಷದವನು. 1876ರ ಅವನ ಯಂತ್ರದಿಂದ ಕಿವಿಯುಳ್ಳವರಿಗೆ ಆದ ಉಪಕಾರ ಕಿವುಡರಿಗೆ ಆಗಲಿಲ್ಲ. ಆದರೆ 1947ರಲ್ಲಿ ಅವನ ಹೆಸರಿನ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬೆಲ್‌ನ ನೆನಪಿಗಾಗಿ, ಶ್ರವಣಯಂತ್ರ ಮಾಡುವವರಿಂದ ಆ ಸಂಸ್ಥೆ ಗೌರವಧನ ಪಡೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ರೇಡಿಯೋವನ್ನೇ ಟ್ರಾನ್ಸಿಸ್ಟರ್ ಎಂದು ಕರೆದ ಕಾಲವಿತ್ತು. ಆ ರೇಡಿಯೋ ಹೊಲದ ಬದುವಿಗೆ ಬರುವ ಮೊದಲೇ, 1950ರ ದಶಕದ ಆರಂಭದಲ್ಲಿ, ಅದೇ ಪುಟ್ಟ ವಸ್ತು ಕಿವುಡರ ಶ್ರವಣಯಂತ್ರವನ್ನು ಸೇರಿತ್ತು.

ಕರ್ನಾಟಕದ ಭಾಗ್ಯವೆಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದದ್ದು. ರಂಗಭೂಮಿಯ ಬಲ್ಲವರಿಗೆ ನಾಟಕಕಾರರಾಗಿ ಪರಿಚಿತರಾದ ನ. ರತ್ನ ಅವರು ಆ ಸಂಸ್ಥೆಯ ನಿರ್ದೇಶಕರಾಗಿದ್ದರು. 1981ರಲ್ಲಿ ಅಂಗವಿಕಲರಿಗೆ ಸಾಧನ ಸಲಕರಣೆಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಯೋಜನೆ ಬಂದು, ಬಡವರ ಮಕ್ಕಳ ಎದೆಗೂ ಶ್ರವಣಯಂತ್ರದ ಡಬ್ಬಿ ಬಂತು. ಅಂಗಿಯ ಮೇಲೊಂದು ಡಬ್ಬಿ, ಅದರಿಂದ ಕಿವಿಗೊಂದು ತಂತಿ. ಆದರೆ ಡಬ್ಬಿ ಮನೆಗೆ ಬಂದಷ್ಟು ಸುಲಭವಾಗಿ ಬಳಕೆಗೆ ಬರಲಿಲ್ಲ. ಸೆಲ್ಲು ತೀರಿದರೆ ಪೇಟೆಗೆ ಹೋಗಬೇಕು. ಮಗು ಬೆಳೆದಂತೆ ಕಿವಿ ಬೆಳೆಯುವುದರಿಂದ ಕಿವಿಯೊಳಗಿಡುವ ತುಂಡನ್ನು ಮತ್ತೆ ಮತ್ತೆ ಹೊಸ ಅಳತೆಗೆ ಮಾಡಿಸಬೇಕು. ಇಲ್ಲವಾದರೆ ಅದು ಸಿಳ್ಳಿಡುತ್ತದೆ. ಬೆವರು, ದೂಳುಗಳು ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಮೇಷ್ಟರ ದನಿಯೊಂದನ್ನೇ ಆರಿಸಿಕೊಳ್ಳದೆ ಬೆಂಚಿನ ಕಿರುಗುಟ್ಟು, ತಗಡಿನ ಸೂರಿನ ಸದ್ದು, ಅಂಗಿಯ ಉಜ್ಜಾಟಗಳನ್ನೂ ಅಷ್ಟೇ ದೊಡ್ಡದಾಗಿ ಮಾಡಿ ತಲೆಯೊಳಗೆ ಸುರಿಯುತ್ತಿತ್ತು. ಕೆಲವು ದಿನಗಳಲ್ಲಿಯೇ ಯಂತ್ರ ಗೋಡೆಯ ಗೂಡನ್ನು ಸೇರಿದರೆ, ತಪ್ಪು ಮಗುವಿನದೆನ್ನಲಾಗದು.

ಇಲ್ಲಿ ಒಂದು ಸಣ್ಣ ಭೌತವಿಜ್ಞಾನದ ಸಂಗತಿಯಿದೆ. ಬಯಲಿನಲ್ಲಿ, ಮಾತನಾಡುವವರಿಂದ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳ ಮಾರ್ದನಿ ಸೇರಿ ಮಾತು ಮಸುಕಾಗುತ್ತದೆ. ಆದುದರಿಂದ ದನಿಯನ್ನು ದೊಡ್ಡದು ಮಾಡುವುದಕ್ಕಿಂತ ದೂರವನ್ನು ಇಲ್ಲವಾಗಿಸುವುದೇ ಮೇಲಾದ ಉಪಾಯ. ಮೇಷ್ಟರ ಕೊರಳ ಬಳಿ ಒಂದು ಪುಟ್ಟ ಮೈಕು. ಅಲ್ಲಿಂದ ರೇಡಿಯೋ ಅಲೆಯ ಮೂಲಕ ದನಿ ನೇರವಾಗಿ ಮಗುವಿನ ಶ್ರವಣಯಂತ್ರಕ್ಕೆ. ಇಪ್ಪತ್ತು ಅಡಿ ದೂರದಲ್ಲಿ ನಿಂತವರ ಮಾತು ಅರ್ಧ ಅಡಿಯಿಂದ ಬಂದಂತೆ ಕೇಳುತ್ತದೆ. ಚಳ್ಳಕೆರೆ ತಾಲ್ಲೂಕಿನವರಿಗೆ ರೇಡಿಯೋ ಅಲೆಯ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಚಾಲಕನಿಲ್ಲದ ವಿಮಾನಗಳು ಹಾರುತ್ತವೆ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆಯ ವಾಹನವೊಂದು ತಾನೇ ದಾರಿ ಹುಡುಕಿಕೊಂಡು ಅಲ್ಲಿಯ ಓಡುದಾರಿಗೆ ಇಳಿಯಿತು. ಆಕಾಶದ ದೂರವನ್ನು ಇಷ್ಟು ಗೆದ್ದ ನೆಲದಲ್ಲಿ, ಕರಿಹಲಗೆಯಿಂದ ಮೂರನೆಯ ಸಾಲಿನವರೆಗಿನ ದೂರ ಗೆಲ್ಲಲಾಗದ್ದಲ್ಲ.

ಯಂತ್ರ ಎಷ್ಟೇ ಉತ್ತಮವಾದರೂ ಅದಕ್ಕೆ ಕಾಲದ ಕಟ್ಟಳೆಯಿದೆ. ಮಗುವಿನ ಮಿದುಳು ಭಾಷೆಯನ್ನು ಹೀರಿಕೊಳ್ಳುವುದು ಮೊದಲ ಕೆಲವು ವರ್ಷಗಳಲ್ಲಿ. ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ 1978ರಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು: ಆರೋಗ್ಯವಂತ ಒಳಗಿವಿ ತಾನು ಪಡೆದ ಸದ್ದಿಗೆ ಉತ್ತರವಾಗಿ ಅತಿ ಸೂಕ್ಷ್ಮವಾದ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ. ಅದನ್ನಳೆಯುವ ಉಪಕರಣದಿಂದ ತೊಟ್ಟಿಲ ಕೂಸನ್ನೂ ಪರೀಕ್ಷಿಸಬಹುದಾಯಿತು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಈಗ ತಜ್ಞರು ಒಪ್ಪಿದ ಕ್ರಮ. ಅದೇ 1978ರಲ್ಲಿ ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್, ಒಳಗಿವಿಗೆ ಅನೇಕ ವಿದ್ಯುದ್ವಾರಗಳ ತಂತಿಯನ್ನಿಟ್ಟು ಶ್ರವಣನರವನ್ನು ನೇರವಾಗಿ ಪ್ರಚೋದಿಸುವ ಕಾಕ್ಲಿಯರ್ ಸಾಧನವನ್ನು ರೋಗಿಯೊಬ್ಬನಿಗೆ ಅಳವಡಿಸಿದರು. ಅವರ ತಂದೆಗೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಲಕ್ಷಾಂತರ ರೂಪಾಯಿಯ ಈ ಶಸ್ತ್ರಚಿಕಿತ್ಸೆಗೆ ಇಂದು ಸರ್ಕಾರದ ನೆರವಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಶ್ರವಣ ಸಂಜೀವಿನಿ ಎಂಬ ಚೆಂದದ ಹೆಸರಿನ ಯೋಜನೆಯುಂಟು. ಆದರೆ ಸಂಜೀವಿನಿ ಒಂದೇ ದಿನದ ಔಷಧವಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ವರ್ಷಗಟ್ಟಲೆ ಸದ್ದನ್ನು ಗುರುತಿಸುವ ಅಭ್ಯಾಸವಾಗಬೇಕು. ಹೊರಗಿನ ಯಂತ್ರದ ಬಿಡಿಭಾಗಗಳು ಕೆಟ್ಟಾಗ ಬದಲಾಗಬೇಕು. ಕೂಲಿಯ ದಿನವನ್ನು ಬಿಟ್ಟು ದೂರದ ನಗರಕ್ಕೆ ಮತ್ತೆ ಮತ್ತೆ ಹೋಗಬೇಕಾದ ತಾಯಿಗೆ ಚಿಕಿತ್ಸೆ ಉಚಿತವಾದರೂ ಪ್ರಯಾಣ ಉಚಿತವಲ್ಲ.

ಕಾನೂನು ಕೂಡ ನಿಧಾನವಾಗಿ ದಾರಿ ಸವೆಸಿದೆ. 1974ರಲ್ಲಿ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿಯೇ ಓದಿಸುವ ಕೇಂದ್ರ ಯೋಜನೆ ಆರಂಭವಾಯಿತು. 1995ರಲ್ಲಿ ಅಂಗವಿಕಲರ ಕಾಯಿದೆ, 2009ರಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಬಂದುವು. ಮೊದಮೊದಲು, ಶಾಲೆ ಇದ್ದಂತೆಯೇ ಇರುತ್ತದೆ, ಮಗು ಅದಕ್ಕೆ ಹೊಂದಿಕೊಳ್ಳಲಿ ಎಂಬ ಭಾವನೆಯಿತ್ತು. 2016ರ ಕಾಯಿದೆ ಅದನ್ನು ತಿರುಗಿಸಿತು. ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕು, ಕಲಿಸುವ ಪದ್ಧತಿಯೇ ಮಗುವಿಗೆ ಹೊಂದಿಕೊಳ್ಳಬೇಕು ಎಂದಿತು; ಸನ್ನೆಭಾಷೆ ಬಲ್ಲ ಶಿಕ್ಷಕರನ್ನು ನೇಮಿಸುವುದೂ ಸರ್ಕಾರದ ಕರ್ತವ್ಯವೆಂದಿತು. ನಮ್ಮ ತಾಲ್ಲೂಕುಗಳ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯುಂಟು. ಆದರೆ ಇಡೀ ತಾಲ್ಲೂಕು ಅವರ ತರಗತಿ. ಅವರು ಬಂದ ದಿನ ಮಗುವಿಗೆ ಒಬ್ಬರು ದೊರೆಯುತ್ತಾರೆ. ಉಳಿದ ದಿನಗಳಲ್ಲಿ ಅದಕ್ಕೆ ಇರುವುದು ತನ್ನ ತರಗತಿಯ ಮೇಷ್ಟರು ಮತ್ತು ಪಕ್ಕದಲ್ಲಿ ಕುಳಿತ ಗೆಳತಿ.

ಯಂತ್ರಗಳ ಇನ್ನೊಂದು ಕುಲ ಕಿವಿಯನ್ನು ಬಿಟ್ಟು ಕಣ್ಣನ್ನು ಆಶ್ರಯಿಸಿದೆ. ಭಾರತೀಯ ಸನ್ನೆಭಾಷೆಯ ಸಂಶೋಧನೆಗೂ ತರಬೇತಿಗೂ ದೆಹಲಿಯಲ್ಲಿ 2015ರಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಅದು ಹೊರತಂದ ದೃಶ್ಯ ನಿಘಂಟು 2018ರಲ್ಲಿ ಮೂರು ಸಾವಿರ ಪದಗಳಿಂದ ಮೊದಲಾಗಿ, 2021ರಲ್ಲಿ ಹತ್ತು ಸಾವಿರವನ್ನು ಮುಟ್ಟಿತು. ಪಠ್ಯಪುಸ್ತಕಗಳನ್ನು ಸನ್ನೆಭಾಷೆಗೆ ತರುವ ಒಪ್ಪಂದ 2020ರಲ್ಲಿ ಆಯಿತು. 2024ರ ಡಿಸೆಂಬರಿನಲ್ಲಿ ಸನ್ನೆಭಾಷೆಗೇ ಮೀಸಲಾದ ಶೈಕ್ಷಣಿಕ ದೂರದರ್ಶನ ವಾಹಿನಿ ಮೊದಲಾಯಿತು. ಇನ್ನು ಕೈಫೋನು: ಮೇಷ್ಟರು ಆಡಿದ ಕನ್ನಡವನ್ನು ಆಗಿಂದಾಗಲೇ ಅಕ್ಷರವಾಗಿ ತೋರಿಸಬಲ್ಲ ಫೋನುಗಳು ಇಂದು ಬಂದಿವೆ. ಬ್ರಹ್ಮಗಿರಿಯ ಲಿಪಿಕಾರನ ಕೆಲಸವನ್ನು ಈಗ ಜೇಬಿನ ಯಂತ್ರ ಕ್ಷಣಾರ್ಧದಲ್ಲಿ ಮಾಡುತ್ತಿದೆ ಎನ್ನೋಣ. ರಾಯದುರ್ಗದ ಗಡಿಯಲ್ಲಿ ತೆಲುಗು ಬೆರೆತ ಮಾತು ಬಂದಾಗ ಅದು ಎಡವಬಹುದು. ಇಂದಲ್ಲ ನಾಳೆ ತಿದ್ದಿಕೊಂಡೀತು.

ಆದರೆ ತಿದ್ದಿಕೊಳ್ಳಲಾಗದ ಕೊರತೆಯೊಂದಿದೆ. ತೆರೆಯ ಮೇಲೆ ಮೂಡಿದ ಅಕ್ಷರವನ್ನು ಓದಲು ಮಗುವಿಗೆ ಮೊದಲೇ ಒಂದು ಭಾಷೆ ಬೇಕು. ಅವ್ವ, ಬಾ, ಹಸಿವು, ನಾಳೆ, ಏಕೆ ಎಂಬ ಮಾತುಗಳ ಅನುಭವವೇ ಇಲ್ಲದೆ ಬೆಳೆದ ಮಗುವಿಗೆ ಅಕ್ಷರ ಬರಿಯ ಗೆರೆ. ನಾನು ಮೊದಲು ಹೇಳಿದ 'ಓದು ದಕ್ಕಿದ್ದರೆ' ಎಂಬುದರ ಅರ್ಥ ಇದು. ದನಿಯಿಂದಾಗಲಿ ಕೈಯಿಂದಾಗಲಿ, ಎಳವೆಯಲ್ಲಿ ಒಂದು ಭಾಷೆ ಮಗುವಿಗೆ ದಕ್ಕಲೇಬೇಕು. ಆ ಭಾಷೆಯನ್ನು ಕೊಡಬಲ್ಲವರು ಮನುಷ್ಯರೇ. ಯಂತ್ರ ಅವರ ಕೈಗೆ ನೆರವಾದೀತು, ಅವರ ಬದಲಿಗೆ ನಿಲ್ಲಲಾರದು. ಮಾತೋ ಸನ್ನೆಯೋ ಎಂದು ಮಿಲಾನಿನಲ್ಲಿ ಹೂಡಿದ ಜಗಳಕ್ಕೂ ಇಲ್ಲಿ ಅರ್ಥವಿಲ್ಲ. ಯಂತ್ರ ಫಲಿಸುವವರೆಗೆ ಕೈ ಮಾತನಾಡಲಿ. ಫಲಿಸಿದ ಮೇಲೂ ಮಾತನಾಡಲಿ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಲೆಮಾರುಗಳಿಂದ ಹುಟ್ಟುಕಿವುಡರು ಗಮನಾರ್ಹ ಸಂಖ್ಯೆಯಲ್ಲಿದ್ದಾರೆ. ಆ ಊರು ತನ್ನದೇ ಒಂದು ಸನ್ನೆಭಾಷೆಯನ್ನು ಬೆಳೆಸಿಕೊಂಡಿದೆ. ಭಾಷಾವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ. ವಿಶೇಷವೆಂದರೆ ಅದನ್ನು ಕಿವುಡರಷ್ಟೇ ಅಲ್ಲ, ಕಿವಿಯುಳ್ಳ ಊರವರೂ ಬಳಸುತ್ತಾರೆ. ಯಾವ ಯಂತ್ರವೂ ಇಲ್ಲದಿದ್ದ ಕಾಲದಲ್ಲಿಯೇ ಆ ಊರು ಕಿವುಡರನ್ನು ಮಾತಿನ ಒಳಗೆ ಸೇರಿಸಿಕೊಂಡಿತು. ಸೇರಿಸಿಕೊಳ್ಳುವುದೆಂದರೆ ಕಿವುಡನು ನಮ್ಮಂತಾಗುವುದಲ್ಲ. ನಾವು ಅವನತ್ತ ನಾಲ್ಕು ಹೆಜ್ಜೆ ನಡೆಯುವುದು.

ಕೊನೆಗೊಂದು ಮಾತು. ಮೇಷ್ಟರ ಕೊರಳಲ್ಲಿರುವ ಆ ಪುಟ್ಟ ಮೈಕಿಗೆ ಒಂದು ಗುಣವಿದೆ. ಅದನ್ನು ತೆಗೆದು ಕೈಯಿಂದ ಕೈಗೆ ದಾಟಿಸಬಹುದು. ಮೇಷ್ಟರು ಮಾತ್ರ ಅದನ್ನು ಧರಿಸಿದರೆ ಹುಡುಗಿಗೆ ಪಾಠ ಕೇಳಿಸೀತು; ಗೆಳತಿಯರ ಉತ್ತರ, ತಮಾಷೆ, ತಪ್ಪುಗಳು ಕೇಳಿಸವು. ಪ್ರತಿಯೊಬ್ಬ ಹುಡುಗನೂ ಉತ್ತರ ಹೇಳುವ ಮುನ್ನ ಅದನ್ನು ಕೈಗೆ ತೆಗೆದುಕೊಳ್ಳುವ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರುವ ಅಭ್ಯಾಸ ತರಗತಿಗೆ ಬಂದರೆ ಪಾಠ ಎಲ್ಲರಿಗೂ ಚೆನ್ನಾಗಿ ಕೇಳುತ್ತದೆ. ಕರಿಹಲಗೆಯತ್ತ ತಿರುಗಿ ಮಾತನಾಡದಿರುವುದಕ್ಕೆ, ಹೊಸ ಮಾತನ್ನು ಬರೆದು ತೋರಿಸುವುದಕ್ಕೆ, ಅವಳನ್ನು ಬೆಳಕು ಮುಖಕ್ಕೆ ಬೀಳುವೆಡೆ ಮೊದಲ ಸಾಲಿನಲ್ಲಿ ಕೂಡಿಸುವುದಕ್ಕೆ ಯಾವ ಅನುದಾನವೂ ಬೇಡ. ಸಾಲಿನಿಂದ ಸಾಲಿಗೆ ಸಾಗಿದ ಮೈಕು ಕೊನೆಗೆ ಆ ಹುಡುಗಿಯ ಕೈಗೂ ಬರಬೇಕು. ಬಾಯಿಂದಲೋ ಬೆರಳಿನಿಂದಲೋ ಬಳಪದಿಂದಲೋ ಅವಳು ತನ್ನ ಪ್ರಶ್ನೆಯನ್ನು ಇಡಬೇಕು. 'ಕೇಳು' ಎಂಬ ನಮ್ಮ ಮಾತಿನ ಎರಡನೆಯ ಅರ್ಥ ಅಂದು ಅವಳಿಗೂ ಸಲ್ಲುತ್ತದೆ. ಅವಳು ಕೇಳಲಿ. ಕಿವಿಯುಳ್ಳ ನಾವು ಕೇಳಿಸಿಕೊಳ್ಳುವುದನ್ನು ಕಲಿಯೋಣ.